ಮಧುಮತಿ ಅಕ್ಕೋರು ಮತ್ತು ದೆವ್ವದ ಹಬ್ಬ

ಗದುಗಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಇತಿಹಾಸ ಕಲಿಸಿದ ಮಧುಮತಿಗೆ ಯಾವುದೂ ಸುಲಭಕ್ಕೆ ಮನಸ್ಸಿಗೆ ಬಂದದ್ದಿಲ್ಲ. ಮದುವೆ ಊಟಕ್ಕೆ ಕೂತರೆ ಬುಂದಿ ಲಾಡು ಮುರಿದು ಮೂಸಿ "ಡಾಲ್ಡಾ" ಅನ್ನುವಳು. ಹೆಡ್‌ಮಾಸ್ಟರು ಸ್ವಾತಂತ್ರ್ಯ ದಿನದ ಭಾಷಣ ಮಾಡಿದರೆ ಕೆಳಗೆ ನಿಂತೇ ಇಸವಿಗಳನ್ನು ತಿದ್ದುವಳು. ಹುಡುಗಿಯರು ಹೆದರುತ್ತಿದ್ದರು, ಆದರೆ ಅವಳ ತಾಸು ತಪ್ಪಿಸುತ್ತಿರಲಿಲ್ಲ. ಇವತ್ತು ಅಕ್ಕೋರು ಯಾವ ರಾಜನ ಮಾನ ಕಳೆಯುತ್ತಾರೋ ನೋಡೋಣವೆಂದು ಮುಂದಿನ ಬೆಂಚಿಗೆ ಜಗಳಾಡುತ್ತಿದ್ದರು.

ಇಂಥವಳು 2001ರ ಸೆಪ್ಟೆಂಬರಿನಲ್ಲಿ ಜರ್ಮನ್ ಸರಕಾರ ಆಗ ಕಂಪ್ಯೂಟರಿನವರಿಗೆಂದೇ ಕೊಡುತ್ತಿದ್ದ, ಗಂಡ ಚೇತನಕುಮಾರನ ಗ್ರೀನ್ ಕಾರ್ಡಿನ ಬೆನ್ನು ಹತ್ತಿ ಜರ್ಮನಿಗೆ ಬಂದಳು. ಗಂಡನಿಗೆ ವಾಲ್‌ಡಾರ್ಫಿನಲ್ಲಿ ಸಾಫ್ಟ್‌ವೇರ್ ಕೆಲಸ. ಮನೆ ಪಕ್ಕದ ವೀಸ್‌ಲೋಖ್‌ನಲ್ಲಿ, ಎರಡನೇ ಮಹಡಿ. ಮಗಳು ಪವಿಗೆ ಆರು ವರ್ಷ. ಮಧುಮತಿಯ ಪಾಸ್‌ಪೋರ್ಟಿಗೆ ಮಾತ್ರ ವಿದೇಶಿಯರ ಕಚೇರಿಯವರು, ಸದ್ಯಕ್ಕೆ ಈಕೆ ಕೆಲಸ ಮಾಡುವಂತಿಲ್ಲ ಎಂದು ಬರೆದು ಅಂಟಿಸಿದ್ದರು. ಪಾಠ ಮಾಡಿ ಪಳಗಿದ ಬಾಯಿ, ಕೇಳುವವರಿಲ್ಲ. ಸಂಜೆ ಗಂಡ ಕಾರು ನಿಲ್ಲಿಸಿ ಮೇಲೆ ಬರುವುದೇ ತಡ, ದಿನವಿಡೀ ಕೂಡಿಟ್ಟದ್ದೆಲ್ಲ ಅವನ ಮೇಲೆ ಬೀಳುತ್ತಿತ್ತು.

ಅಕ್ಟೋಬರ್ ಕೊನೆಯ ಸಂಜೆ, ಐದೂವರೆಗೇ ಕತ್ತಲಾಗಿತ್ತು, ಕರೆಗಂಟೆ ಸದ್ದಾಯಿತು. ಬಾಗಿಲು ತೆಗೆದರೆ ಮೂರು ಮಕ್ಕಳು. ಒಬ್ಬನಿಗೆ ರಬ್ಬರಿನ ತಲೆಬುರುಡೆ, ಒಬ್ಬಳಿಗೆ ಚೂಪು ಟೊಪ್ಪಿಗೆ, ಇನ್ನೊಬ್ಬಳಿಗೆ ಮಂಚದ ಮೇಲಿನ ಬಿಳಿ ಚಾದರು. ಮೂವರೂ ಚೀಲ ಮುಂದೆ ಮಾಡಿ ಏನೋ ಒದರಿದರು. ಸಿಹಿ ಕೊಡ್ರಿ, ಇಲ್ಲಂದ್ರ ಹುಳಿ ಉಣ್ರಿ ಎಂಬರ್ಥದ ಮಾತು ಅದೆಂದು ಪವಿಯೇ ಬಿಡಿಸಿ ಹೇಳಬೇಕಾಯಿತು. ಮನೆಗೆ ಬಂದ ಮಕ್ಕಳು, ಬರಿಗೈಯಲ್ಲಿ ಕಳಿಸುವುದು ಹೇಗೆ? ಊರಿಂದ ತಂದು ಜೋಪಾನವಾಗಿಟ್ಟಿದ್ದ ಶೇಂಗಾ ಉಂಡಿ ಒಂದೊಂದು ಕೊಟ್ಟಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ ಇಳಿದುಹೋದರು.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಮೂರೂ ಉಂಡಿ ತುಳಿಸಿಕೊಂಡು ಬಿದ್ದಿದ್ದವು.

ಅವುಗಳನ್ನು ಗೋರಿ ಎತ್ತಿದಳು. "ಬೇಡಾಕ ಬಂದವರಿಗೆ ಇಷ್ಟು ಸೊಕ್ಕು," ಅಂದಳು ಗಂಡನಿಗೆ. "ಇದು ಯಾವ ಹಬ್ಬಾರೀ? ಯಾರು ಹುಟ್ಟಿಸಿದ್ದು?"

"ಹ್ಯಾಲೋವೀನ್ ಅಂತ. ಅಮೆರಿಕಾದ್ದು," ಅಂದ ಚೇತನಕುಮಾರ, ಶೂ ಕಟ್ಟಿಕೊಳ್ಳುತ್ತ. "ಮಕ್ಕಳ ಗೇಮ್ ಅದು. ಲೈಟಾಗಿ ತಗೋ."

ಲೈಟಾಗಿ ತೆಗೆದುಕೊಳ್ಳುವುದು ಮಧುಮತಿಯ ಜಾತಕದಲ್ಲಿ ಇರಲಿಲ್ಲ. ಆ ಚಳಿಗಾಲ ಪವಿಯನ್ನು ಶಾಲೆಗೆ ಬಿಟ್ಟು ನೇರ ಊರ ಗ್ರಂಥಾಲಯಕ್ಕೆ ಹೋಗತೊಡಗಿದಳು. ಪಕ್ಕದಲ್ಲಿ ಒಂದು ಡಿಕ್ಷನರಿ, ಒಂದು ನೋಟುಬುಕ್ಕು. ಮೊದಲು ದಿನಕ್ಕೆ ಅರ್ಧ ಪುಟ, ಆಮೇಲೆ ಎರಡು ಪುಟ, ಫೆಬ್ರವರಿ ಹೊತ್ತಿಗೆ ಹತ್ತು. ಬೇರೆಯವರು ಕ್ಲಾಸಿಗೆ ಹೋಗಿ ಕಲಿತ ಜರ್ಮನ್ನನ್ನು ಅವಳು ಸಿಟ್ಟಿನಿಂದಲೇ ಕಲಿತಳು.

ಓದಿದಷ್ಟೂ ಅವಳಿಗೆ ನಗು ಬಂತು. ಐರ್ಲೆಂಡಿನ ಕಡೆ ಹಿಂದೆ ಕೆಲ್ಟರೆಂಬ ಜನ. ಅವರಿಗೆ ನವೆಂಬರ್ ಒಂದಕ್ಕೆ ಹೊಸ ವರ್ಷ, ಹಿಂದಿನ ಸಂಜೆ ಸತ್ತವರು ಮನೆ ಕಡೆ ಬರುತ್ತಾರೆಂದು ನಂಬಿಕೆ. ಇಷ್ಟು ಅವಳಿಗೆ ಒಪ್ಪಿಗೆ. ಸತ್ತವರು ವರ್ಷಕ್ಕೊಮ್ಮೆ ಬರುತ್ತಾರೆ, ಅವರಿಗೆ ಎಡೆ ಇಡಬೇಕು ಎಂಬುದನ್ನು ಗದುಗಿನವರಿಗೆ ಯಾರೂ ಕಲಿಸಬೇಕಿರಲಿಲ್ಲ. ಮುಂದೆ ಚರ್ಚಿನವರು ಅದೇ ದಿನವನ್ನು ಸಕಲ ಸಂತರ ಹಬ್ಬ ಮಾಡಿದರು. ಬಡವರು ಮನೆಮನೆಗೆ ಹೋಗಿ, ನಿಮ್ಮ ಸತ್ತವರಿಗಾಗಿ ಪ್ರಾರ್ಥಿಸುತ್ತೇವೆ ಅಂತ ಹೇಳಿ ರೊಟ್ಟಿ ಪಡೆದರು. ಹಸಿವಿನಿಂದ ಊರು ಬಿಟ್ಟ ಐರಿಶರು ಅಮೆರಿಕ ಮುಟ್ಟಿದರು. ಊರಲ್ಲಿ ಅವರು ಗಡ್ಡೆ ಕೊರೆದು ಒಳಗೆ ದೀಪ ಇಡುತ್ತಿದ್ದರು; ಅಲ್ಲಿ ಗಡ್ಡೆಗಿಂತ ಕುಂಬಳಕಾಯಿ ಕೊರೆಯಲು ಸಲೀಸು. ಕೊನೆಗೆ ಹತ್ತು ವರ್ಷದ ಹಿಂದೆ, ಗಲ್ಫ್ ಯುದ್ಧದ ಕಾರಣ ಜರ್ಮನಿಯ ಕಾರ್ನಿವಲ್ ಮೆರವಣಿಗೆಗಳು ನಿಂತುಹೋಗಿ ವೇಷದ ಬಟ್ಟೆ ಮಾರುವವರ ಮಾಲು ಹಾಗೇ ಉಳಿದಾಗ, ಆ ವ್ಯಾಪಾರಸ್ಥರೇ ಈ ಹಬ್ಬವನ್ನು ಹಡಗಿನಿಂದ ಇಳಿಸಿಕೊಂಡರಂತೆ.

"ಎಡಿ ಹೋಗಿ ಚಾಕಲೇಟ್ ಆತು, ಪ್ರಾರ್ಥನಾ ಹೋಗಿ ಬೆದರಿಕಿ ಆತು, ಹಿರ್‍ಯಾರು ಹೋಗಿ ರಬ್ಬರ್ ಬುರುಡಿ ಆದರು," ಎಂದು ಗಂಡನಿಗೆ ವರದಿ ಒಪ್ಪಿಸಿದಳು. "ಇವರಿಗೆ ಸತ್ತವರೂ ಬ್ಯಾಡ, ದೆವ್ವಾನೂ ಬ್ಯಾಡ. ಅಂಗಡಿ ಬೇಕು."

ಚೇತನಕುಮಾರ ಪಾಪ, ಹೌದೌದು ಎಂದು ಟಿವಿ ಹಚ್ಚಿದ.

ಮುಂದಿನ ಸೆಪ್ಟೆಂಬರಿನಲ್ಲಿ ಪವಿಯ ಶಾಲೆಯಲ್ಲಿ ಪಾಲಕರ ಸಭೆ. ಕ್ಲಾಸ್ ಟೀಚರು, ಇನ್ನೂ ಎಳೆಯ ವಯಸ್ಸಿನ ಹೆಣ್ಣುಮಗಳು, ಈ ಸಲ ಕ್ಲಾಸಿನಲ್ಲೇ ಹ್ಯಾಲೋವೀನ್ ಮಾಡೋಣ, ಎರಡು ಸಾವಿರ ವರ್ಷದ ಹಳೆಯ ಸಂಪ್ರದಾಯ ಅಂದಳು. ಮಧುಮತಿ ಎದ್ದು ನಿಂತಳು. ಪುಸ್ತಕದ ಜರ್ಮನ್ನಿನಲ್ಲಿ, ಕ್ರಿಯಾಪದವನ್ನು ಸರಿಯಾಗಿ ಕೊನೆಗೇ ಇಟ್ಟು, ಹತ್ತು ನಿಮಿಷ ಮಾತಾಡಿದಳು. ಎರಡು ಸಾವಿರ ವರ್ಷವಲ್ಲ, ನಿಮ್ಮೂರಿನಲ್ಲಿ ಅದಕ್ಕೆ ಹತ್ತು ವರ್ಷ, ಹಿಂದಿನದೆಲ್ಲ ಮಂದಿಯದು. ಮರುದಿನ ಸತ್ತವರಿಗೆ ಹಚ್ಚುವ ನಿಮ್ಮದೇ ಸ್ಮಶಾನದ ದೀಪ ಮರೆತು ಪ್ಲಾಸ್ಟಿಕ್ ಜೇಡ ತರುತ್ತೀರಿ. ಚಿಕ್ಕ ಕುರ್ಚಿಗಳಲ್ಲಿ ಮೊಣಕಾಲು ಮಡಚಿ ಕೂತ ಪಾಲಕರು ಗಡಿಯಾರ ನೋಡಿದರು. ಕೊನೆಗೆ ಒಬ್ಬ ಅಪ್ಪ ಹೇಳಿದ, "ಮಕ್ಕಳಿಗೆ ಖುಷಿಯಾಗತ್ತೆ ಅಷ್ಟೇ, ಮೇಡಮ್."

ಗೆದ್ದೆನೆಂದೇ ಮಧುಮತಿ ಮನೆಗೆ ಬಂದಳು. ಹದಿನೈದು ದಿನ ಕಳೆದ ಮೇಲೆ ಪವಿ ಸ್ಕೂಲ್‌ಬ್ಯಾಗ್ ಎಸೆದು, ಕನ್ನಡ ಬಿಟ್ಟು ಜರ್ಮನ್ನಿನಲ್ಲೇ ಹೇಳಿದಳು. ಅವಳ ಗೆಳತಿ ಹ್ಯಾಲೋವೀನ್‌ಗೆ ಮನೆಯಲ್ಲಿ ಪಾರ್ಟಿ ಇಟ್ಟಿದ್ದಾಳೆ, ಕ್ಲಾಸಿನ ಹುಡುಗಿಯರನ್ನೆಲ್ಲ ಕರೆದಿದ್ದಾಳೆ, ಪವಿಯನ್ನು ಬಿಟ್ಟು.

"ಯಾಕ?"

"ನಿಮ್ಮಮ್ಮನಿಗೆ ಇಷ್ಟ ಇಲ್ಲವಲ್ಲ ಅಂದಳು. ನೀನು ಎಲ್ಲರಿಗೂ ತಪ್ಪು ತಪ್ಪು ಅಂತೀ, ಮಮ್ಮಿ. ನನ್ನನ್ನು ಯಾರೂ ಕರೆಯೋದಿಲ್ಲ."

ಮಧುಮತಿ ಆ ಗೆಳತಿಯ ತಾಯಿಯನ್ನು ಮನಸ್ಸಿನಲ್ಲೇ ಸೀಳಿದಳು, ಕೇಕಿನ ಮೇಲಿನ ಕೆನೆಯಂಥ ಹೆಂಗಸು ಎಂದುಕೊಂಡಳು. ಸಮಾಧಾನವಾಗಲಿಲ್ಲ. ಕಸದ ಡಬ್ಬಿ ಹಿಡಿದು ಕೆಳಗಿಳಿದಳು.

ಅಂಗಳದಲ್ಲಿ ಕೆಳಮನೆಯ ಫ್ರೌ ಕ್ನೆಲ್ಲರ್ ಇದ್ದಳು. ಎಪ್ಪತ್ತೆಂಟರ ವಿಧವೆ, ವರ್ಷದಿಂದ ಇಬ್ಬರ ನಡುವೆ ಮೆಟ್ಟಿಲು ಒರೆಸುವ ಪಾಳಿಯ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ಮುದುಕಿಯ ಹಳ್ಳಿ ಜರ್ಮನ್ ಮಧುಮತಿಯ ಕಿವಿಗೆ ಗದುಗಿನ ಮಾತಿನಂತೆಯೇ ಬಿದ್ದಿತು.

"ಶಾಲಿಯೊಳಗ ಭಾಷಣ ಮಾಡಿದವರು ನೀವಂತಲ್ಲ," ಅಂದಳು ಮುದುಕಿ. "ಕೆಲ್ಟರು ಅಂದ್ರಂತ. ಯಾವ ಕೆಲ್ಟರು?"

ಮಧುಮತಿ ಹುಮ್ಮಸ್ಸಿನಿಂದ ಐರ್ಲೆಂಡಿನಿಂದ ಶುರುಮಾಡಿದಳು. ಫ್ರೌ ಕ್ನೆಲ್ಲರ್ ಕೈ ಅಡ್ಡ ಹಿಡಿದಳು.

"ನಾನು ಸಣ್ಣಾಕಿ ಇದ್ದಾಗ ಹೊಲದೊಳಗ ದನಕ್ಕ ಹಾಕೋ ಬೀಟ್ ಗಡ್ಡಿ ಕಿತ್ತ ಮ್ಯಾಲೆ, ಒಂದೆರಡು ಕದ್ದು, ಕೊರದು, ಒಳಗ ಮೇಣದಬತ್ತಿ ಇಟ್ಟು, ಮಾಸ್ತರನ ಕಿಟಕಿಗೆ ಇಡತಿದ್ವಿ. ಅಂವ ಕೆಟ್ಟವ ಇದ್ದ, ಅದಕ್ಕ. ಕೆಲ್ಟರನ್ನ ಯಾರು ನೋಡಿದ್ದರು? ನಿಮ್ಮ ಪುಸ್ತಕ ಬರದವ ಒಂದ ಗಡ್ಡಿ ಕೊರದಾನೇನು?"

ಮಧುಮತಿಗೆ ಕಪಾಳಕ್ಕೆ ಬಿಟ್ಟಂತಾಯಿತು. ಹನ್ನೊಂದು ವರ್ಷದಲ್ಲಿ ಅವಳ ಪಾಠವನ್ನು ಯಾರೂ ಹೀಗೆ ಒರೆಸಿ ಹಾಕಿರಲಿಲ್ಲ. ತನ್ನನ್ನು ಮೀರಿಸಿದ ನಾಲಿಗೆ ಈ ಊರಲ್ಲೂ ಒಂದಿದೆ ಎಂದು ತಿಳಿದಾಗ, ಬಂದಾಗಿನಿಂದ ಮೊದಲ ಸಲ, ಅವಳಿಗೆ ಒಬ್ಬರ ಜೊತೆ ಕೂತು ಚಹಾ ಕುಡಿಯಬೇಕೆನಿಸಿತು. ಕುಡಿದಳು ಕೂಡ.

ಅಕ್ಟೋಬರ್ ಮೂವತ್ತೊಂದರ ಮಧ್ಯಾಹ್ನ ಮುದುಕಿ ತನ್ನ ಅಣ್ಣನ ಮಗನ ಹೊಲದಿಂದ ನಾಲ್ಕು ಗಡ್ಡೆ ತರಿಸಿದ್ದಳು. ಪವಿ, ಮಧುಮತಿ, ಮುದುಕಿ ಮೂವರೂ ಅಂಗಳದಲ್ಲಿ ಕೂತರು. ಗಡ್ಡೆ ಕಲ್ಲಿನಂತೆ ಗಟ್ಟಿ; ಚಮಚ ಬಾಗಿತು, ಮಧುಮತಿಯ ಅಂಗೈಗೆ ಗುಳ್ಳೆ ಎದ್ದಿತು, ಕೈಗೆಲ್ಲ ಹಸಿ ಮಣ್ಣಿನ ವಾಸನೆ. ಸಂಜೆ ದೀಪ ಹಚ್ಚಿದಾಗ ಆ ಸುಕ್ಕು ಮುಖಗಳು ನಿಜಕ್ಕೂ ಸತ್ತವರ ಹಾಗೆ ಕಂಡವು. ಪಾರ್ಟಿ ಮುಗಿಸಿ ಬೀದಿ ಸುತ್ತುತ್ತಿದ್ದ ಹುಡುಗಿಯರ ದಂಡು ಗೇಟಿನ ಹತ್ತಿರ ಬಂದು ಗಕ್ಕನೆ ನಿಂತಿತು, ಒಬ್ಬಳು ಅತ್ತೇಬಿಟ್ಟಳು. ಕರೆಯದಿದ್ದ ಗೆಳತಿಯೂ ಅದರಲ್ಲಿದ್ದಳು. ಪವಿ ಒಂದು ಗಡ್ಡೆಯನ್ನು ಎತ್ತಿ, ಒಳಗೆ ಬತ್ತಿ ಹೇಗೆ ನಿಲ್ಲಿಸಬೇಕೆಂದು ಅವಳಿಗೆ ತೋರಿಸುತ್ತಿದ್ದಳು. ಮಧುಮತಿಗೆ ಇಸವಿ ಹೇಳುವ ಆಸೆ ಗಂಟಲವರೆಗೆ ಬಂತು. ನುಂಗಿಕೊಂಡಳು. ಅದು ಸಣ್ಣ ಕೆಲಸವಾಗಿರಲಿಲ್ಲ.

ಮರುದಿನ ರಜೆ, ಸಕಲ ಸಂತರ ದಿನ. ಮಧುಮತಿ ಫ್ರೌ ಕ್ನೆಲ್ಲರಳ ತೋಳು ಹಿಡಿದು ಸ್ಮಶಾನಕ್ಕೆ ಹೋದಳು. ಗೋರಿ ಗೋರಿಯ ಮೇಲೂ ಕೆಂಪು ಗಾಜಿನ ದೀಪ, ಹೂ, ಗುಡಿಸಿದ ಜಲ್ಲಿ. ಗಂಡನ ಕಲ್ಲಿನ ಮುಂದೆ ಮುದುಕಿ ಹೇಳಿದಳು, ಇನ್ನು ಮೂರು ವರ್ಷಕ್ಕೆ ಜಾಗದ ಗಡುವು ಮುಗಿಯತ್ತೆ, ಆಮೇಲೆ ಕಲ್ಲು ತೆಗೆಸಿ ಬೇರೆಯವರಿಗೆ ಕೊಡುತ್ತಾರೆ.

"ಸತ್ತವರೂ ಬಾಡಿಗಿ ಮನಿಯಾಗ ಇರಬೇಕೇನು?" ಅಂದಳು ಮಧುಮತಿ. "ನಮ್ಮಪ್ಪ ದುಂಡಪ್ಪ ಸ್ವಂತ ಹೊಲದ ಬದುವಿಗೆ ಮಲಗ್ಯಾನ. ಅವನ್ನ ಯಾರೂ ಎಬ್ಬಿಸೂದಿಲ್ಲ."

"ಹೋಗಿ ಎಷ್ಟ ದಿನ ಆತು?"

"ಯುಗಾದಿಗೆ ಹೋದ. ನಾನು ಹೋಗಲಿಲ್ಲ." ಪವಿಗೆ ಜ್ವರವಿತ್ತು, ಟಿಕೆಟ್ ಸಿಗಲಿಲ್ಲ, ಸಿಗುವ ಹೊತ್ತಿಗೆ ಮಣ್ಣು ಮುಗಿದಿತ್ತು. ಅದನ್ನು ಅವಳು ಯಾರಿಗೂ, ಗಂಡನಿಗೂ, ಎರಡನೇ ಸಲ ಹೇಳಿರಲಿಲ್ಲ.

ಮುದುಕಿ ಚೀಲದಿಂದ ಇನ್ನೊಂದು ದೀಪ ತೆಗೆದು ಕೊಟ್ಟಳು. ತನ್ನ ಗಂಡನ ಪಕ್ಕದಲ್ಲಿ ಒಂದಿಷ್ಟು ಜಾಗ ತೋರಿಸಿದಳು. ಗಾಳಿಗೆ ಮೂರು ಕಡ್ಡಿ ಆರಿದವು, ನಾಲ್ಕನೆಯದಕ್ಕೆ ಹತ್ತಿತು. ಮಧುಮತಿ ಕೈಮುಗಿದಳು.

ವಾಪಸು ಬರುವಾಗ ಇಬ್ಬರೂ ಅಕ್ಕಪಕ್ಕದ ಗೋರಿಗಳನ್ನು ಆಡಿಕೊಂಡರು. ಇವರ ಹೂ ನೋಡ್ರಿ, ಬಟ್ಟೀದು. ಅವರ ದೀಪ ನೋಡ್ರಿ, ಬ್ಯಾಟರೀದು.

ಆ ಚಳಿಗಾಲ ಮುಗಿಯುವ ಹೊತ್ತಿಗೆ ಮಧುಮತಿಗೆ ಕೆಲಸದ ಪರವಾನಗಿ ಸಿಕ್ಕಿತು; ಗ್ರಂಥಾಲಯದವರೇ ವಾರಕ್ಕೆ ಎರಡು ದಿನ ಇಟ್ಟುಕೊಂಡರು. ಹ್ಯಾಲೋವೀನ್ ಪುಸ್ತಕ ಕೇಳಿ ಬಂದ ಪಾಲಕರಿಗೆ ಅವಳು ಎದ್ದುಹೋಗಿ ತಂದುಕೊಡುತ್ತಿದ್ದಳು, ಯಾವ ಪುಟದಲ್ಲಿ ಯಾವ ಸುಳ್ಳಿದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ.