ನಾಲ್ಕನೇ ಪ್ಲಗ್ಗು

ಕೇಬಲ್ಲಣ್ಣನ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಇತ್ತು. ವೈರಿನ ಸಿಪ್ಪೆಯನ್ನು ಹಲ್ಲಿನಲ್ಲೇ ಕಚ್ಚಿ ಸುಲಿದು ಸುಲಿದು ಬಿದ್ದ ಕಚ್ಚು. ನನ್ನ ಹಲ್ಲಿನಲ್ಲೂ ಅಂಥದೇ ಒಂದಿದೆ. ಇಪ್ಪತ್ತೆರಡು ವರ್ಷ ರವಿಕೆ ಹೊಲಿಯುತ್ತಾ ದಾರ ಕಡಿದು ಕಡಿದು ಆದದ್ದು. ಮೊದಲ ಸಲ ಟೀವಿ ಕೇಬಲ್ ಎಳೆಯಲು ನಮ್ಮ ಮನೆಗೆ ಬಂದಾಗ ಅದನ್ನು ನೋಡಿ ನಕ್ಕುಬಿಟ್ಟರು. “ನಮ್ಮಿಬ್ರುದೂ ಒಂದೇ ಕತ್ರಿ ಕಣಕ್ಕ” ಎಂದರು.

ಅವರ ಹೆಸರನ್ನು ನಮ್ಮ ನರಸೀಪುರದಲ್ಲಿ ಯಾರೂ ಹೇಳುತ್ತಿರಲಿಲ್ಲ. ಎಲ್ಲರಿಗೂ ಕೇಬಲ್ಲಣ್ಣ. ಅವರ ಊರು ಪಕ್ಕದ ಹೆಮ್ಮಿಗೆ. ಬೆಳಿಗ್ಗೆ ಬೈಕಿಗೆ ಏಣಿ ಕಟ್ಟಿಕೊಂಡು ಬಂದರೆ ಹೊತ್ತು ಮುಳುಗುವವರೆಗೆ ಯಾರದೋ ತಾರಸಿ, ಯಾವುದೋ ಕಂಬ. ಟೀವಿ ಕೇಬಲ್ಲಿನ ಕಾಲ ಹೋಗಿ ಇಂಟರ್ನೆಟ್ ಬಂದಾಗ ಆ ಕಂಪನಿಗೂ ಅವರೇ ಲೈನ್ ನೋಡತೊಡಗಿದರು. ಹೊಸ ತಂತಿಯೊಳಗೆ ಇರುವುದು ಗಾಜಿನ ಎಳೆ, ಹಲ್ಲು ಹಾಕುವಂತಿಲ್ಲ. ಆದರೂ ಅಭ್ಯಾಸಬಲ, ಬಾಯಿಯ ಹತ್ತಿರ ತಂದು, ನಾಲಿಗೆ ಕಚ್ಚಿಕೊಂಡು ಕೆಳಗಿಳಿಸುತ್ತಿದ್ದರು.

ನಮ್ಮ ಮನೆ ಬೀದಿಯಿಂದ ಹಿಂದಕ್ಕೆ ಉದ್ದಕ್ಕೆ ಹೋಗುತ್ತದೆ. ಮುಂದೆ ನನ್ನ ಟೈಲರಿಂಗ್ ಅಂಗಡಿ, ಆಮೇಲೆ ನಡುಮನೆ, ಅಡುಗೆಮನೆ, ಕಟ್ಟಕಡೆಗೆ ಮಗಳ ಕೋಣೆ. ನಡುವೆ ಇರುವುದೆಲ್ಲ ಮೊಳದಗಲದ ಮಣ್ಣಿನ ಗೋಡೆಗಳು. ಮಗಳಿಗೆ ಹತ್ತೊಂಬತ್ತು ವರ್ಷ. ನಾಲ್ಕನೇ ವಯಸ್ಸಿನಿಂದ ಫಿಟ್ಸ್. ಅವರಪ್ಪನಿಗೆ ನಂಜನಗೂಡಿನ ಫ್ಯಾಕ್ಟರಿಯಲ್ಲಿ ಶಿಫ್ಟು. ಒಂದು ದಿನ ನಾನು ಮುಂದೆ ಹೊಲಿಯುತ್ತಾ ಕೂತಿದ್ದಾಗ ಅವಳು ಹಿಂದೆ ಬಿದ್ದು ಹೊಸಿಲಿಗೆ ತಲೆ ಒಡೆದುಕೊಂಡಿದ್ದಳು. ಮಿಷನ್ನಿನ ಸದ್ದಿನಲ್ಲಿ ನನಗೆ ಕೇಳಿಸಲೇ ಇಲ್ಲ. ಕಾಫಿ ಕೊಡೋಣವೆಂದು ಹೋದಾಗ ನೆಲವೆಲ್ಲ ರಕ್ತ. ಅವತ್ತಿನಿಂದ ಅಂಗಡಿ ಮುಚ್ಚುವುದೋ, ಅವಳನ್ನು ಒಬ್ಬಳನ್ನೇ ಬಿಡುವುದೋ ಎಂಬುದೇ ಮನೆಯ ಜಗಳವಾಯಿತು.

ಮುಚ್ಚಲಾರೆ ಎಂದೆ. ಹಟಮಾರಿ ನಾನು. ಮೊಬೈಲ್ ಅಂಗಡಿಯವನ ಮಾತು ಕೇಳಿ ಒಂದು ಕ್ಯಾಮೆರಾ, ಜೊತೆಗೆ ಮೂರು ಬಿಳಿ ಡಬ್ಬಿಗಳನ್ನು ತಂದೆ. ಮೆಶ್ ವೈಫೈ ಅಂತೆ. ಒಂದು ಡಬ್ಬಿ ಇನ್ನೊಂದಕ್ಕೆ ದಾಟಿಸುತ್ತಾ ಇಂಟರ್ನೆಟ್ಟನ್ನು ಹಿಂದಿನ ಕೋಣೆಯವರೆಗೆ ಮುಟ್ಟಿಸುತ್ತವಂತೆ. ಮೊದಲೇ ಇದ್ದ ಕಂಪನಿಯ ಡಬ್ಬಿಗೆ ನಾನೇ ಸಿಕ್ಕಿಸಿದೆ. ಸಿಕ್ಕಿಸಿ ಕೆಟ್ಟೆ. ಮನೆಯಲ್ಲಿ ಎರಡು ವೈಫೈ. ಕ್ಯಾಮೆರಾ ಒಂದನ್ನು ಹಿಡಿದರೆ ನನ್ನ ಫೋನು ಇನ್ನೊಂದನ್ನು ಹಿಡಿಯುತ್ತಿತ್ತು. ಮಗಳ ಚಿತ್ರ ಬರುತ್ತಿತ್ತು, ನಿಲ್ಲುತ್ತಿತ್ತು. ಅಯ್ಯೋ, ನಿಂತ ಚಿತ್ರವನ್ನು ನೋಡಿ ಚೆನ್ನಾಗಿ ಮಲಗಿದ್ದಾಳೆ ಅಂದುಕೊಳ್ಳುವುದಕ್ಕಿಂತ ದೊಡ್ಡ ಅಪಾಯ ಬೇಕೆ?

ಕೇಬಲ್ಲಣ್ಣ ಬಂದು ಎರಡೂ ಡಬ್ಬಿ ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಕಂಪ್ನಿ ಡಬ್ಬಿನೂ ಯಜಮಾನ್ಕೆ ಮಾಡ್ತಾ ಅದೆ, ಒಸ ಡಬ್ಬಿನೂ ಮಾಡ್ತಾ ಅದೆ. ಇಬ್ರೂ ಕುಂತ್ಕಂಡು ಫೋನು, ಕ್ಯಾಮ್ರಾಕ್ಕೆಲ್ಲ ನಂಬರ್ ಅಂಚ್ತಾವ್ರೆ. ಕ್ಯಾಮ್ರಾ ಯಾರ್ ಮಾತ್ ಕೇಳ್ಬೇಕಕ್ಕ, ಪಾಪ?”

“ಹಂಗಾದ್ರೆ ಹಳೇದನ್ನ ಎಸೆದುಬಿಡ್ಲಾ?”

“ಎಸುದ್ರೆ ಲೈನ್ ಎಲ್ಲಿಂದ ಬಂದಾತು? ಅದು ಬಾಗ್ಲು ತಗುದ್ರೆ ಸಾಕು. ಒಳಗಿನ್ ಸಂಸಾರ ಒಸದು ನೋಡ್ಕಳ್ಲಿ.”

ಕಂಪನಿ ಡಬ್ಬಿಯ ವೈಫೈ ಆರಿಸಿ, ಅದನ್ನು ಬರೀ ದಾಟಿಸುವ ಸೇತುವೆಯಾಗಿ ಮಾಡಿದರು. ಆಮೇಲೆ ಮಾಡಿದ ಕೆಲಸವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮನೆಗೆ ಬಂದವರೆಲ್ಲ ಮಗಳ ತಲೆಯ ಮೇಲಿಂದ ನನ್ನ ಜೊತೆ ಮಾತಾಡುತ್ತಾರೆ, ‘ಇವಳಿಗೆ ಊಟ ಆಯ್ತಾ’ ಅಂತ. ಕೇಬಲ್ಲಣ್ಣ ಫೋನನ್ನು ಅವಳ ಕೈಗೇ ಕೊಟ್ಟರು. “ನೀನು ನಡ್ಕಂಡು ಓಗವ್ವ. ಚಿತ್ರ ಎಲ್ಲಿ ನಿಂತೋಯ್ತದೋ ಅಲ್ಲೇ ನಿಂತ್ಕ. ನೀನೇ ಈ ಮನೆ ಇಂಜಿನಿಯರ್ ಕಣವ್ವ.” ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು “ಇಲ್ಲಿ!” ಎಂದು ಕೂಗಿದಳು. ಎರಡನೇ ಡಬ್ಬಿ ನಡುಮನೆಯ ದೇವರ ಗೂಡಿನ ಕೆಳಗೆ ಕೂತಿತು. ಮೂರನೆಯದು ಅವಳ ಕೋಣೆಯ ಬಾಗಿಲ ಹೊರಗೆ. ಒಳಗೇ ಇಡಿ ಎಂದೆ. “ಅದುಕ್ಕೂ ನಡುಮನೆ ಡಬ್ಬಿ ಎಟುಕ್ಬೇಕಲ್ವ ಅಕ್ಕ? ಮೂಲೆಗೆ ತಳ್ಳಿದ್ರೆ ಅದೇ ಕುರ್ಡಾಯ್ತದೆ” ಎಂದರು. ನೀಲಿ ದೀಪ ಉರಿದರೆ ಸರಿ, ಕೆಂಪಾದರೆ ಲೈನಿಲ್ಲ ಎಂದು ಅವಳಿಗೆ ಹೇಳಿಕೊಟ್ಟರು. ಆಮೇಲೆ ದಿನಾ ಬೆಳಿಗ್ಗೆ ಮೂರೂ ದೀಪ ನೋಡಿ ಬಂದು “ನೀಲಿ ಅವ್ವಾ” ಎನ್ನುವುದು ಅವಳ ಕೆಲಸವಾಯಿತು.

ಹದಿನೈದೇ ದಿನ. ಕಾಜಾ ಹಾಕುತ್ತಿದ್ದವಳು ಫೋನ್ ನೋಡಿದೆ, ಮಗಳ ಕೈ ಸೆಟೆಯುತ್ತಿತ್ತು. ಓಡಿದೆ. ಮಗ್ಗುಲಿಗೆ ತಿರುಗಿಸಿ ತಲೆಯಡಿ ನನ್ನ ತೊಡೆ ಕೊಟ್ಟೆ. ಅವತ್ತು ಒಂದು ಹನಿ ರಕ್ತ ಬೀಳಲಿಲ್ಲ.

ಕೇಬಲ್ಲಣ್ಣನವು ಎರಡು ಕಟ್ಟಪ್ಪಣೆಗಳಿದ್ದವು. ಒಂದು, ಗುಡುಗು ಕೇಳಿದ ತಕ್ಷಣ ಪ್ಲಗ್ ಕೀಳಬೇಕು. “ಮೊದ್ಲು ಪ್ಲಗ್ಗು, ಆಮ್ಯಾಕೆ ಒಣಗಾಕಿರೋ ಬಟ್ಟೆ” ಎನ್ನುತ್ತಿದ್ದರು. ಟೀವಿ ಕೇಬಲ್ಲಿನ ಕಾಲದಲ್ಲಿ ಒಂದೇ ಸಿಡಿಲಿಗೆ ಬೀದಿಯ ಡಬ್ಬಿಗಳೆಲ್ಲ ಸುಟ್ಟುಹೋಗಿದ್ದನ್ನು ಕಂಡವರು. ನಮ್ಮ ಬೀದಿಯ ಹೆಂಗಸರಿಗೆ ಅದು ಕೈಗೇ ಬಂದುಬಿಟ್ಟಿದೆ. ಗುಡುಗಿದರೆ ಮೈ ಎದ್ದು ಹೋಗಿ ಕಿತ್ತು ಬರುತ್ತದೆ, ಮನಸ್ಸಿಗೆ ತಿಳಿಯುವುದೇ ಇಲ್ಲ. ಎರಡನೆಯದು, ಲೈನಿಲ್ಲ ಎಂದು ಫೋನ್ ಮಾಡುವ ಮೊದಲು ಪ್ಲಗ್ಗುಗಳನ್ನು ಮುಟ್ಟಬೇಕು. “ಕಣ್ಣಲ್ ನೋಡಾದಲ್ಲ, ಕೈಲಿ ಒತ್ತಿ ನೋಡಿ.”

ಹೋದ ವರ್ಷ ಮುಂಗಾರಿಗೆ ಮೊದಲು ಒಂದು ಮಧ್ಯಾಹ್ನ ಭಾರಿ ಗುಡುಗಿತು. ಅಂಗಡಿಯ ನಾಲ್ಕೂ ಪ್ಲಗ್ ಕಿತ್ತೆ: ಮಿಷನ್ನಿನದು, ಇಸ್ತ್ರಿಪೆಟ್ಟಿಗೆಯದು, ಒಂದನೇ ಬಿಳಿ ಡಬ್ಬಿಯದು, ಕಂಪನಿ ಡಬ್ಬಿಯದು. ಮಳೆ ನಿಲ್ಲುವ ಹೊತ್ತಿಗೆ ಗಿರಾಕಿ ಬಂದು ಕೂತಿದ್ದಳು, ಮಾರನೆಯ ದಿನ ಮದುವೆ, ರವಿಕೆಗೆ ಇನ್ನೂ ತೋಳು ಕೂಡಿಸಿರಲಿಲ್ಲ. ಅವಸರದಲ್ಲಿ ಮೂರು ಪ್ಲಗ್ ಹಾಕಿದೆ. ಕಂಪನಿ ಡಬ್ಬಿ ಇಸ್ತ್ರಿ ಮೇಜಿನ ಹಿಂದೆ, ಬಟ್ಟೆ ಚೂರುಗಳ ಮರೆಯಲ್ಲಿತ್ತು. ಅದರ ವೈಫೈ ಆರಿಸಿದ ಮೇಲೆ ಅದನ್ನು ಯಾರೂ ನೋಡುತ್ತಲೇ ಇರಲಿಲ್ಲ. ಬಿಳಿ ಡಬ್ಬಿಯಲ್ಲಿ ಕೆಂಪು ದೀಪ. ಫೋನಿನಲ್ಲಿ ಮಗಳಿಲ್ಲ.

ಕೇಬಲ್ಲಣ್ಣನಿಗೆ ಫೋನ್ ಮಾಡಿದೆ.

“ಪ್ಲಗ್ ಒತ್ತಿ ನೋಡಿದ್ರಾ ಅಕ್ಕ?”

“ನೋಡಿದೀನಣ್ಣ. ಕೆಂಪು ದೀಪ ಉರೀತಾ ಇದೆಯಲ್ಲ, ಪ್ಲಗ್ಗಿಲ್ಲದೆ ಉರಿಯುತ್ತಾ? ನಾನೇನು ಚಿಕ್ಕ ಮಗುವಾ?”

“ಮಗ ಒಬ್ಳೇ ಅವ್ಳಾ ಇಂದೆ?”

“ಹೂಂ.”

“ಐದೇ ನಿಮಿಷ. ಬಂದೆ.”

ಒತ್ತಿ ನೋಡಿರಲಿಲ್ಲ. ನನ್ನ ನಾಲಿಗೆಗೆ ಬೆಂಕಿ ಬೀಳ. ಹೋಗಿ ಹತ್ತು ನಿಮಿಷ ಮಗಳ ಪಕ್ಕ ಕೂತಿದ್ದರೂ ಆಗುತ್ತಿತ್ತು, ಗಿರಾಕಿ ಕಾಯುತ್ತಿದ್ದಳು.

ಬೀದಿಯ ತಿರುವಿನಲ್ಲಿ ಗಾಳಿಗೆ ಬೇವಿನ ಕೊಂಬೆ ಮುರಿದು ತಂತಿಗಳ ಮೇಲೆ ಬಿದ್ದಿತ್ತು. ನಮ್ಮ ಲೈನ್ ಅಲ್ಲೇ ತುಂಡಾಗಿದೆ ಎಂದುಕೊಂಡರು ಕೇಬಲ್ಲಣ್ಣ. ಅದೇ ಕಂಬದಲ್ಲಿ ಕರೆಂಟಿನ ತಂತಿಯೂ ಇದೆ. ಯಾವಾಗಲೂ ಕರೆಂಟ್ ತೆಗೆಸದೆ ಹತ್ತದವರು, ಅವತ್ತು ಒದ್ದೆ ಕಂಬಕ್ಕೆ ಏಣಿ ಒರಗಿಸಿ ಹತ್ತಿದರು. ನನಗೆ ಕೇಳಿಸಿದ್ದು ಏಣಿ ಬಿದ್ದ ಸದ್ದು, ಆಮೇಲೆ ಜನರ ಕೂಗು. ನಾನು ಓಡುವಷ್ಟರಲ್ಲಿ ಅವರನ್ನು ಆಟೋದಲ್ಲಿ ಮಲಗಿಸುತ್ತಿದ್ದರು. ಬಾಯಿ ತೆರೆದಿತ್ತು, ಕಚ್ಚು ಬಿದ್ದ ಹಲ್ಲು ಕಾಣುತ್ತಿತ್ತು. ಜೀವ ಆಸ್ಪತ್ರೆ ಮುಟ್ಟಲಿಲ್ಲ.

ಸಂಜೆ ಅಂಗಡಿ ಗುಡಿಸಲು ಬಂದ ಮಗಳು ಇಸ್ತ್ರಿ ಮೇಜಿನ ಹಿಂದೆ ಬಗ್ಗಿದಳು. “ಅವ್ವಾ, ಇದ್ಯಾಕೆ ಕೆಳಗೆ ಬಿದ್ದದೆ?” ಅವಳ ಕೈಯಲ್ಲಿ ನಾಲ್ಕನೇ ಪ್ಲಗ್ಗು. ಕೇಳುತ್ತಲೇ ಸಿಕ್ಕಿಸಿ ಕೈಯಲ್ಲಿ ಒತ್ತಿದಳು. ಸ್ವಲ್ಪ ಹೊತ್ತಿಗೆ ಬಿಳಿ ಡಬ್ಬಿಯ ದೀಪ ನೀಲಿಯಾಯಿತು. ನಮ್ಮ ಲೈನ್ ಎಲ್ಲೂ ತುಂಡಾಗಿರಲಿಲ್ಲ.

ಸಮಾಧಿಗೆ ಹಾಲು ತುಪ್ಪ ಬಿಡುವ ದಿನ ಹೆಮ್ಮಿಗೆಗೆ ಹೋದೆ. ಹೇಳಿಬಿಡಬೇಕು ಎಂದುಕೊಂಡೇ ಬಸ್ಸು ಹತ್ತಿದ್ದೆ. ಅವರ ಹೆಂಡತಿ ನನ್ನ ಗುರುತು ಹಿಡಿದು ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು.

“ಮಗ ಒಬ್ಳೇ ಅವ್ಳೆ ಅಂತ ಉಣ್ತಿದ್ದೋರು ಎದ್ದು ಕೈ ತೊಳ್ಕಂಡು ಓದ್ರಂತೆ ಅಕ್ಕ. ನಿಮ್ ಲೈನು ಸರಿಯಾಯ್ತಾ?”

“ಆಯ್ತಮ್ಮ.”

“ಯಾವಾಗ?”

“ಅವತ್ತೇ.”

“ಸದ್ಯ. ಮಾಡ್ಬುಟ್ಟೇ ಓಗವ್ರೆ” ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೇಳಬೇಕೆಂದು ಹೋದ ಮಾತನ್ನು ಹಾಗೇ ಹೊತ್ತು ಸಂಜೆ ಬಸ್ಸಿಗೆ ವಾಪಸ್ ಬಂದೆ.

ಕೇಬಲ್ಲಣ್ಣ ಹೋದ ಮೇಲೆ ಮಗಳಿಗೆ ಎರಡು ಸಲ ಫಿಟ್ಸ್ ಬಂತು. ಎರಡು ಸಲವೂ ಫೋನಿನಲ್ಲಿ ನೋಡಿ ಓಡಿದೆ, ಎರಡು ಸಲವೂ ಉಳಿಸಿಕೊಂಡೆ. ಅವಳು ಈಗಲೂ ಬೆಳಿಗ್ಗೆ ಬಂದು “ನೀಲಿ ಅವ್ವಾ” ಎನ್ನುತ್ತಾಳೆ. ಇದನ್ನೆಲ್ಲ ಬರೆದದ್ದು ಹೆಮ್ಮಿಗೆಗೆ ಹೋಗಿ ಆ ಹೆಣ್ಣುಮಗಳ ಮುಂದೆ ಓದಬೇಕೆಂದು. ಬರೆದು ಮೂರು ತಿಂಗಳಾಯಿತು. ಬಸ್ಸು ನಮ್ಮ ಬೀದಿಯ ತುದಿಯಲ್ಲೇ ನಿಲ್ಲುತ್ತದೆ, ನಾನು ಇನ್ನೂ ಹತ್ತಿಲ್ಲ.