ಅಕ್ಕನ ಗಂಟಿನ ರಿಪೋರ್ಟು

ಅಕ್ಕನಿಗಾಗಿ ನಾನು ಕೇಳಬೇಕಾಗಿದ್ದದ್ದು ಒಂದೇ ಮಾತು. ಅದನ್ನು ಕೇಳದೆ ಬಂದೆ.

ಅವಳ ತುಟಿಯ ನಡುವೆ ಸದಾ ಎರಡು ಗುಂಡುಪಿನ್ನು ಇರುತ್ತಿದ್ದವು. ಅವನ್ನು ಬಾಯಂಚಿಗೆ ಸರಿಸಿಕೊಂಡೇ ಬೈಯುತ್ತಿದ್ದಳು. ಹರದನಹಳ್ಳಿಯಲ್ಲಿ ರವಿಕೆ ಹೊಲಿಯುವುದು ಅವಳ ಕೆಲಸ. ಬಂದ ಪ್ರತಿ ಬಟ್ಟೆಗೂ ಹೆಸರಿನ ಚೀಟಿ ಚುಚ್ಚುವಳು. ಹೊಲಿದದ್ದನ್ನು ವಾರವಾದರೂ ಒಯ್ಯದಿದ್ದರೆ ತಾನೇ ಫೋನು ಮಾಡಿ, "ನಿನ್ ರವಕೆ ನಾನ್ ಆಕ್ಕೊಳನಾ? ಬಂದು ತಕಂಡೋಗು" ಅನ್ನುವಳು.

ಅವಳ ಎದೆಯ ಗಂಟನ್ನು ಗುಂಡ್ಲುಪೇಟೆಯ ಒಬ್ಬ ಸರ್ಜನ್ನು ಕುಯ್ದು ತೆಗೆದ. ತುಣುಕು ಪರೀಕ್ಷೆಗೆ ಮೈಸೂರಿಗೆ ಹೋಗಿದೆ, ಏನಾದರೂ ಇದ್ದರೆ ನಾವೇ ಫೋನು ಮಾಡುತ್ತೇವೆ ಎಂದು ಕೈ ತೊಳೆಯುತ್ತ ಹೇಳಿದ. ಫೋನು ಬರಲಿಲ್ಲ. ಹೊಲಿಗೆ ಬಿಚ್ಚಿದ ಮೇಲೆ ಅಕ್ಕ ರಿಪೋರ್ಟು ಕೇಳಿಕೊಂಡು ಬಾ ಎಂದು ನನ್ನನ್ನು ಕಳಿಸಿದಳು. ಆಸ್ಪತ್ರೆಯ ಸಾಲಿನಲ್ಲಿ ನನ್ನ ಮುಂದಿದ್ದ ಮುದುಕನೊಬ್ಬ ತನ್ನ ರಿಪೋರ್ಟು ಕೇಳಿದ. "ಓದೋಕೆ ಬರಲ್ಲ, ರಿಪೋರ್ಟ್ ತಗೊಂಡು ಉಪ್ಪಿನಕಾಯಿ ಹಾಕ್ತೀಯಾ?" ಎಂದ ಸರ್ಜನ್ನು ಅನ್ನೋ ಆ ದೊಡ್ಡಮನುಷ್ಯ. ಎಲ್ಲರೂ ನಕ್ಕರು. ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟ ನಾನೂ ನಕ್ಕೆ. ನನ್ನ ಸರದಿ ಬರುವ ಮೊದಲೇ ಎದ್ದು ಬಸ್ಸು ಹತ್ತಿದೆ. ಮನೆಯಲ್ಲಿ, ಏನೂ ಇಲ್ಲವಂತೆ ಎಂದುಬಿಟ್ಟೆ.

ಆರೇಳು ತಿಂಗಳಿಗೆ ಅವಳ ಕಂಕುಳಲ್ಲಿ ಇನ್ನೊಂದು ಗಂಟು ಎದ್ದಿತು. ಮೈಸೂರಿನ ಡಾಕ್ಟರು ಹಳೆಯ ರಿಪೋರ್ಟು ಬೇಕೆಂದರು. ಗುಂಡ್ಲುಪೇಟೆಯ ನರ್ಸು ಅದನ್ನು ಗ್ಲೂಕೋಸಿನ ರಟ್ಟಿನ ಪೆಟ್ಟಿಗೆಯಿಂದ ಹುಡುಕಿ ಕೊಟ್ಟಳು. ಲಕೋಟೆಯನ್ನು ಯಾರೂ ಒಡೆದೇ ಇರಲಿಲ್ಲ. ಒಳಗೆ ಕ್ಯಾನ್ಸರ್ ಎಂದಿತ್ತು. ಪೆಟ್ಟಿಗೆಯಲ್ಲಿ ಅಂಥವು ಇನ್ನೂ ಎಷ್ಟೋ ಇದ್ದವು. ಗೋಡೆಯ ತುಂಬ ಸರ್ಜನ್ನು ಶಾಲು ಹೊದೆಸಿಕೊಂಡ ಫೋಟೋಗಳು. ಅಷ್ಟು ಓದಿದವನಿಗೆ ಒಂದು ಲಕೋಟೆ ಒಡೆಯಲು ಬರಲಿಲ್ಲ. "ನೀವು ಬಂದು ಕೇಳ್ಬೇಕಿತ್ತಪ್ಪ" ಎಂದ ಅವನು. ರಿಪೋರ್ಟು ಹಿಡಿದುಕೊಂಡು ಬಸ್ಸು ಹತ್ತಿದೆ.

ಅಕ್ಕ ಮಾತ್ರ ಸುಮ್ಮನಿರಲಿಲ್ಲ. "ನಾನು ಒಂದು ತುಂಡು ಬಟ್ಟೆಗೆ ಚೀಟಿ ಚುಚ್ತೀನಿ ಕಣ್ಲಾ. ಅವ್ನು ನನ್ ಮಾಂಸನೇ ಕುಯ್ದು ಮರ್ತವ್ನೆ. ಗುಂಡಿ ಒಲಿಯಕ್ಕೂ ಲಾಯಕ್ಕಿಲ್ಲ. ಕೇಳಕ್ಕೋದ ನಿಂಗೂ ಸುಳ್ಳೇಳ್ಬುಟ್ಟವ್ನೆ."

ನೋಡಲು ಬಂದವರಿಗೆಲ್ಲ ಅದನ್ನೇ ಹೇಳಿದಳು: ಸರ್ಜನ್ನು ನನ್ನ ತಮ್ಮನಿಗೆ ಸುಳ್ಳು ಹೇಳಿದ. ಪಕ್ಕದಲ್ಲಿ ಕೂತು ನಾನು ತಲೆಯಾಡಿಸಿದೆ. ಅವನನ್ನು ಎಷ್ಟು ಬೈದರೂ ನನಗೆ ಸಾಲುತ್ತಿರಲಿಲ್ಲ. ಬೈದಷ್ಟೂ ನಾನು ಬಚಾವು. ಅವನಿಗಿಂತ ಕಡೆಯವನು ನಾನು. ಅವನು ಮರೆತವನು, ನಾನು ಮರೆತಿರಲಿಲ್ಲ.

ಅವಳು ತೀರಿಹೋಗುವ ಮೂರು ದಿನ ಮುಂಚೆ, ಬಾಯಿಗೆ ನೀರು ಬಿಡುತ್ತ ಹೇಳಿದೆ:

"ಅವ್ನು ನಂಗೆ ಸುಳ್ಳೇಳ್ನಿಲ್ಲ ಕಣಕ್ಕ. ನಾನು ಕೇಳ್ನೇ ಇಲ್ಲ. ನಿಂಗೆ ಸುಳ್ಳೇಳ್ದೋನು ನಾನು. ತಪ್ಪಾಯ್ತು."