ಹೊಲಿಗೆಯಕ್ಕನ ಮೂರನೇ ಕಾಲಂ
ನಮ್ಮ ಬೀದಿಯ ಹೊಲಿಗೆಯಕ್ಕನ ತಂಗಿಯ ಮೂತ್ರಪಿಂಡದ ಚಿಕಿತ್ಸೆಗೆ ಕೊಡಬೇಕಾದ ಎಂಬತ್ತು ಸಾವಿರವನ್ನು ವಿಮಾ ಕಂಪನಿ ‘ಹಳೇ ಕಾಯಿಲೆ’ ಎಂಬ ನೆಪ ಹೇಳಿ ಇನ್ನೂ ಕೊಟ್ಟಿಲ್ಲ. ಅದಕ್ಕೇ ಅಕ್ಕ ಮತ ಕೇಳಲು ಬಂದವರನ್ನು ಸುಮ್ಮನೆ ಬಿಡುವವಳಲ್ಲ. ಅಂಗಿಯನ್ನು ಒಳಮಗ್ಗುಲು ತಿರುವಿ ಹೊಲಿಗೆ ನೋಡುವ ಈಕೆ ಪ್ರಣಾಳಿಕೆಯನ್ನೂ ಕೊನೆಯ ಪುಟದಿಂದಲೇ ಓದುತ್ತಾಳೆ. ಅಂಗಡಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಮೂರು ಕಾಲಂ ಎಳೆದಿದ್ದಾಳೆ: ಅಭ್ಯರ್ಥಿ, ಅವನ ವಿಮೆಯ ಭರವಸೆ, ಹಳೇ ಕಾಯಿಲೆಗೂ ವಿಮೆ ಕೊಡಿಸುವ ರಾಜ್ಯದ ಮಸೂದೆಗೆ ಅವನು ಹಾಕಿದ ಮತ. ಎರಡನೆಯದು ನೆಲ ಮುಟ್ಟಿದೆ, ಮೂರನೆಯದು ಖಾಲಿ. “ಎಲ್ಲರಿಗೂ ವಿಮೆ ಅಕ್ಕಾ” ಎಂದು ಯಾರಾದರೂ ಹಲ್ಲು ಕಿರಿದರೆ, “ಹಳೇ ಕಾಯಿಲೆಗೂ ಉಂಟೇನಪ್ಪ?” ಎನ್ನುತ್ತಾಳೆ. “ಅದು ಆಮೇಲೆ ನೋಡೋಣ.” “ನಡುಗೋನಿಗೆ ಮಾತ್ರ ಕಂಬಳಿ ಇಲ್ಲ ಅಂದ ಹಾಗಾಯ್ತು. ಭಾಷಣ ಸಾಕು, ಮಸೂದೆ ಬಂದ ದಿನ ನಿಮ್ಮ ಯಜಮಾನ್ರು ಎಲ್ಲಿದ್ರು, ಅದನ್ನ ಹೇಳು.” ಬೀದಿಯೆಲ್ಲ ನಗುತ್ತದೆ, ಬಂದವನು ಚಪ್ಪಲಿ ಹುಡುಕುತ್ತಾನೆ. ಬಾಗಿಲ ಮೂಲೆಯಲ್ಲಿ ದಿನಾ ಬದಲಾಗುವ ಒಂದು ಅಳತೆ ಇರುತ್ತದೆ. ಯಾವ ಗಿರಾಕಿಯದೆಂದು ಒಮ್ಮೆ ಕೇಳಿದೆ. ತಂಗಿಯ ಊದಿದ ಪಾದದ ಸುತ್ತಳತೆಯಂತೆ; ಅಂದು ಹಿಂದಿನ ದಿನಕ್ಕಿಂತ ಅರ್ಧ ಇಂಚು ಹೆಚ್ಚಾಗಿತ್ತು. ನಾಳೆ ಮತ ಕೇಳುವವರು ನಿಮ್ಮ ಬಾಗಿಲಿಗೂ ಬರುತ್ತಾರೆ. ಆ ಮೂರನೇ ಕಾಲಂ ತುಂಬಿಸಿಕೊಳ್ಳದೆ ಒಬ್ಬನನ್ನೂ ಮೆಟ್ಟಿಲು ಇಳಿಯಲು ಬಿಡಬೇಡಿ.